ಹಲ್ಲಿನ ಡಾಕ್ಟರ ಡಿಕ್ಕಿ

ನಾನು ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಬುರುಡೆ ಎಂಬುದು ನಮ್ಮ ಅಂಗಡಿಯ ಸುತ್ತಲಿನ ನಾಲ್ಕು ಬೀದಿಗೂ ಗೊತ್ತು. ಇದು ಉಳಿದ ಕಾಲು ಪಾಲಿಗೆ ಸೇರಿದ್ದು. ನಡೆದದ್ದು ನಡೆದ ಹಾಗೆ. ಅದಕ್ಕೇ ಇದನ್ನು ಹೇಳುವಾಗ ಯಾರ ದನಿಯನ್ನೂ ತೆಗೆಯುವುದಿಲ್ಲ, ನನ್ನ ದನಿಯಲ್ಲೇ ಹೇಳುತ್ತೇನೆ. ಅದು ಹೇಗಿದೆಯೆಂದು ನನಗೇ ಸರಿಯಾಗಿ ನೆನಪಿಲ್ಲ. ಕಂಡಕಂಡವರ ದನಿಯಲ್ಲಿ ಮಾತಾಡಿ ಸ್ವಂತದ್ದನ್ನು ಎಲ್ಲೋ ಇಟ್ಟು ಮರೆತಿದ್ದೇನೆ.

ನನ್ನ ಕೊರಳಲ್ಲಿ ಕೆಂಪು ವೈರಿನ ತುಂಡಿಗೆ ಕಟ್ಟಿದ ಪೆನ್‌ಡ್ರೈವ್ ಒಂದು ನೇತಾಡುತ್ತಿದೆಯಲ್ಲ, ಅದು ನನ್ನದಲ್ಲ. ನನ್ನ ಭಾವನದು. ಅವರ ಕೊರಳಿಂದ ಇಳಿದು ನನ್ನ ಕೊರಳಿಗೆ ಅದು ಹೇಗೆ ಬಂತು ಎಂಬುದೇ ಕತೆ.

ನಮ್ಮದು ಕಾರುಗಳಿಗೆ ಹಾಡು ಕೂರಿಸುವ ಅಂಗಡಿ. ಮುಂದೆ ಗಾಜಿನ ಕೌಂಟರು, ಅಲ್ಲಿ ನಾನು. ಹಿಂದೆ ಎರಡು ಕಾರು ನಿಲ್ಲುವಷ್ಟು ತಗಡಿನ ಶೆಡ್ಡು, ಅಲ್ಲಿ ಭಾವ ಮತ್ತು ಟೇಪು. ನಡುವೆ ಹಲಗೆಯ ಅಡ್ಡಗೋಡೆ. ಟೇಪು ಎಂಬವನು ನಲವತ್ತು ದಾಟಿದ ಆಸಾಮಿ; ಕಂಡದ್ದಕ್ಕೆಲ್ಲ ಕಪ್ಪು ಟೇಪು ಸುತ್ತುತ್ತಾನೆ. ಕಿತ್ತುಹೋದ ಚಪ್ಪಲಿಗೆ ಸುತ್ತಿದ್ದಾನೆ, ಕುಯ್ದುಕೊಂಡ ಹೆಬ್ಬೆರಳಿಗೂ ಸುತ್ತಿದ್ದಾನೆ. ಅವನ ಬಾಯಿಗೂ ಒಂದು ಸುತ್ತು ಹಾಕಬೇಕು ಎಂದು ನಾನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಆ ದಿನ ನಿಜವಾಗಿಯೂ ಹಾಕಬೇಕಿತ್ತು.

ಭಾವ ಅಂಗಡಿಯವರಿಗೆಲ್ಲ ಮೇಸ್ತ್ರಿ. ನನ್ನ ಅಕ್ಕನ ಗಂಡ. ಪದವಿ ಮುಗಿಸಿ ಮೂರು ವರ್ಷ ಮನೆಯಲ್ಲಿ ಮಲಗಿ ಸೂರಿನ ತೊಲೆ ಎಣಿಸುತ್ತಿದ್ದ ನನ್ನನ್ನು ಎಬ್ಬಿಸಿ ಕೌಂಟರಿಗೆ ತಂದು ನಿಲ್ಲಿಸಿದ್ದು ಅವರೇ. ಹೆಸರಿಗೆ ಭಾವನಾದರೂ ಮುಖದಲ್ಲಿ ಭಾವ ಕಾಣುವುದು ಅಪರೂಪ. ಐವತ್ತಮೂರು ವಯಸ್ಸು, ಮೂವತ್ತು ವರ್ಷದಿಂದ ಇದೇ ಶೆಡ್ಡು, ಬೇರೆ ಕಸುಬು ಕಲಿತವರಲ್ಲ. ಯಾವುದೇ ಕಾರಿನ ಕೆಲಸ ಮುಗಿದರೂ ಆ ಪೆನ್‌ಡ್ರೈವನ್ನು ಚುಚ್ಚಿ, ಅದರಲ್ಲಿರುವ ಹಾಡಿನ ಹನ್ನೊಂದು ತುಣುಕುಗಳನ್ನು ಕೇಳಿ, ಕೊನೆಗೆ ‘ಹೋಗಲಿ’ ಎನ್ನಬೇಕು. ಆ ಒಂದು ಮಾತು ಬೀಳುವ ತನಕ ಯಾವ ಕಾರೂ ಗೇಟು ದಾಟುವ ಹಾಗಿಲ್ಲ. ಅದು ಯಜಮಾನರ ಕಾನೂನು. ಅಂಗಡಿಯಲ್ಲಿ ಕೈಗಳು ಎಷ್ಟಾದರೂ ಸಿಗುತ್ತವೆ, ಕಿವಿ ಮಾತ್ರ ಒಂದೇ ಜೊತೆ ಎಂದು ಬಂದ ಗಿರಾಕಿಗಳಿಗೆಲ್ಲ ಅವರು ಭಾವನನ್ನು ತೋರಿಸುತ್ತಿದ್ದರು.

ಆದರೆ ಆ ವರ್ಷ ಎರಡು ಕಾರು ವಾಪಸು ಬಂದವು. ಒಂದರಲ್ಲಿ ಎಂಜಿನ್ ಓಡಿದಾಗಲೆಲ್ಲ ಸೊಳ್ಳೆಯ ಗುಂಯ್‌ಗುಟ್ಟುವಿಕೆ. ಇನ್ನೊಂದರಲ್ಲಿ ಬಾಗಿಲ ತಗಡು ಹಲ್ಲು ಕಡಿಯುವ ಸದ್ದು. ಎರಡಕ್ಕೂ ಭಾವ ‘ಹೋಗಲಿ’ ಎಂದಿದ್ದರು. ಎರಡನೆಯದು ಬಂದ ದಿನ ಯಜಮಾನರು ಮಹಡಿಯಿಂದ ಇಳಿದು ಬಂದು, ಕೂಗಾಡದೆ, ಒಂದೇ ಮಾತು ಹೇಳಿದರು.

“ಮೂರನೇದು ಬಂದ್ರೆ ಪೆನ್‌ಡ್ರೈವ್ ಬಿಚ್ಚಿಡು ಮೇಸ್ತ್ರಿ. ಬರೀ ವೈರು ಎಳೆಯೋಕೆ ನೀನು ಬೇಡ.”

ಭಾವ ಅವರ ಬಾಯನ್ನೇ ನೋಡುತ್ತಾ ತಲೆಯಾಡಿಸಿದರು. ಎಂಥ ವಿಧೇಯತೆ ಎಂದು ನಾನು ಅಂದುಕೊಂಡೆ. ಆಮೇಲೆ ಟೇಪುವಿನ ಮುಂದೆ ಆ ತಲೆಯಾಡಿಸುವಿಕೆಯನ್ನೂ ನಕಲು ಮಾಡಿ ತೋರಿಸಿದೆ.

ನಕಲು ನನ್ನ ಚಟ. ಯಜಮಾನರು ಮಾತಿಗೆ ಮೊದಲು ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು ‘ಮೇಸ್ತ್ರಿ, ಸ್ವಲ್ಪ ಬಾರಯ್ಯ’ ಎನ್ನುತ್ತಾರೆ. ಕೌಂಟರಿನಲ್ಲಿ ನಿಂತು, ಹಲಗೆಯ ಮರೆಯಿಂದ ನಾನು ಅದನ್ನೇ ಅಂದರೆ ಸಾಕು, ಭಾವ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು. ಬಂದು, ನನ್ನನ್ನು ಕಂಡು, ತಲೆಗೊಂದು ಮೊಟಕಿ ಹೋಗುತ್ತಿದ್ದರು. ನಾಲ್ಕು ವರ್ಷ ಒಂದೇ ಗಾಳಕ್ಕೆ ಒಂದೇ ಮೀನು. ಆದರೆ ಕಳೆದ ಕೆಲವು ತಿಂಗಳಿಂದ ಮೀನು ಕಚ್ಚುತ್ತಿರಲಿಲ್ಲ. ನಾನು ಕೆಮ್ಮುವುದು, ಕರೆಯುವುದು, ಅವರು ತಮ್ಮ ಪಾಡಿಗೆ ವೈರಿನ ಸಿಪ್ಪೆ ಸುಲಿಯುತ್ತಾ ಕೂರುವುದು. ನನ್ನ ಗಂಟಲು ಕೆಟ್ಟಿತೆಂದು ನನಗೆ ನಿದ್ದೆ ಬರಲಿಲ್ಲ. ನಿಜವಾಗಿ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ.

ಅಕ್ಕನ ಮನೆಗೆ ಹೋದಾಗ ಇನ್ನೊಂದು ಏಟು ಬಿತ್ತು. ಅವಳು ಅಡುಗೆಮನೆಯಲ್ಲಿದ್ದಳು, ನಾನು ಬಾಗಿಲಾಚೆ ನಿಂತು ಭಾವನ ದನಿಯಲ್ಲಿ, ನನ್ನ ಚಾಳೀಸು ಎಲ್ಲಿಟ್ಟೆ ಎಂದು ಕೇಳಿದೆ. ಅವಳು ತಿರುಗಿಯೂ ನೋಡಲಿಲ್ಲ.

“ಒಳಗೆ ಬಾರೋ ಕೋತಿ. ಅದು ಹೋದ ವರ್ಷದ ದನಿ. ಅವರು ಈಗ ಹಾಗೆ ಮೆತ್ತಗೆ ಮಾತಾಡಲ್ಲ.”

ಹೌದಲ್ಲ, ಭಾವ ಈಚೆಗೆ ಗಟ್ಟಿಯಾಗಿ ಮಾತಾಡುತ್ತಾರೆ ಎಂದು ಆಗ ಹೊಳೆಯಿತು. ಒಳ್ಳೆಯ ನಕಲುಗಾರನಂತೆ ನಾನು ಆ ಗಟ್ಟಿತನವನ್ನು ನನ್ನ ನಕಲಿನ ಭಾವನಿಗೆ ಸೇರಿಸಿಕೊಂಡೆ. ಯಾಕೆ ಗಟ್ಟಿಯಾಯಿತು ಎಂದು ಕೇಳಲಿಲ್ಲ. ಅದೇ ಹೊತ್ತಿಗೆ ಅಕ್ಕ ಊಟಕ್ಕೆ ಕರೆಯಲು ನಡುಮನೆಯ ದೀಪದ ಸ್ವಿಚ್ಚನ್ನು ಎರಡು ಸಲ ಟಕಟಕ ಅನ್ನಿಸಿದಳು, ಭಾವ ಪೇಪರು ಮಡಚಿ ಎದ್ದು ಬಂದರು. ಇದೇನು ಹೋಟೆಲ್ಲಾ ಎಂದು ನಾನು ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ. ನನ್ನ ತಟ್ಟೆಗೆ ಬೇಡವೆಂದರೂ ಇನ್ನೊಂದು ಸೌಟು ಬಡಿಸಿದಳು.

ಹಲ್ಲಿನ ಡಾಕ್ಟರು ಬಂದದ್ದು ಅದಾದ ಎರಡು ದಿನಕ್ಕೆ, ಬೆಳಿಗ್ಗೆ. ದಿನವಿಡೀ ಹಲ್ಲು ಕೊರೆಯುವ ಯಂತ್ರದ ಕೀಚಲು ಕೇಳಿ ಕೇಳಿ ತಲೆಯೊಳಗೆ ಸೂಜಿ ಓಡಿದ ಹಾಗಾಗುತ್ತದೆ, ಮನೆಗೆ ಹೋಗುವ ದಾರಿಯಲ್ಲಾದರೂ ಆಳದ ಸದ್ದು ಬೇಕು, ಎದೆಗೆ ಗುದ್ದುವಂಥದ್ದು ಎಂದರು. ಅವರ ಹಳೆಯ ಕಾರಿನ ಆಂಪ್ಲಿಫೈಯರನ್ನು ಬಿಚ್ಚಿಸಿ ರಟ್ಟಿನ ಡಬ್ಬಿಯಲ್ಲಿ ತಂದಿದ್ದರು. ಅದಕ್ಕೆ ಹೊಂದುವ ಎರಡು ಸಬ್‌ವೂಫರ್ ಆರಿಸಿ, ಡಿಕ್ಕಿಯಲ್ಲಿ ಕೂರಿಸಿ ಕೊಡಬೇಕು. ಸಬ್‌ವೂಫರ್ ಅಂದರೆ ಬರೀ ಬಾಸು, ಅಂದರೆ ಆ ಆಳದ ಸದ್ದು, ಹೊರಡಿಸುವ ದೊಡ್ಡ ಸ್ಪೀಕರು; ಅದನ್ನು ಕುಣಿಸುವ ತಂತಿಯ ಸುರುಳಿಗೆ ಕಾಯಿಲ್ ಎನ್ನುತ್ತೇವೆ.

ಆರಿಸುವುದು ಕೌಂಟರಿನ ಕೆಲಸ, ಅಂದರೆ ನನ್ನದು. ಹೊಳೆಯುವ ಹನ್ನೆರಡು ಇಂಚಿನ ಜೋಡಿಯೊಂದನ್ನು ಇಳಿಸಿದೆ. ಒಂದೊಂದರಲ್ಲೂ ಎರಡೆರಡು ಕಾಯಿಲ್ ಇದೆ ಡಾಕ್ಟ್ರೇ, ಆದರೆ ಒಂದು ಕಾಯಿಲೆಯೂ ಇಲ್ಲ ಎಂದೆ. ಅವರು ಬಾಯಿತುಂಬ ನಕ್ಕರು. ಹಲ್ಲುಗಳು ಸಾಲಾಗಿದ್ದವು. ನಾನು ಗೆದ್ದೆ ಎನ್ನುವಷ್ಟರಲ್ಲಿ ಭಾವ ಬಂದು ಆಂಪನ್ನು ಬೋರಲು ಮಾಡಿ, ತಳದ ಸಣ್ಣ ಅಕ್ಷರ ಓದಿ, ನನ್ನ ಜೋಡಿಯ ಬೆನ್ನು ನೋಡಿದರು. ಆಮೇಲೆ ಬೀದಿಗೆ ಕೇಳುವ ಹಾಗೆ ಶುರುಮಾಡಿದರು.

“ಈ ಆಂಪು ಎರಡು ಓಮ್ಸಿಗಿಂತ ಕೆಳಗೆ ಇಳಿಯಲ್ಲ ಅಂತ ಬರೆದಿದಾನೆ, ಕಣ್ಣಿಲ್ವಾ? ನೀನಿಟ್ಟಿರೋದು ನಾಕು ನಾಕು ಓಮ್ಸಿನ ಕಾಯಿಲ್ಲು. ನಾಕನ್ನೂ ಅಕ್ಕಪಕ್ಕ ಕಟ್ಟಿದ್ರೆ ಒಂದು ಓಮ್ಸು, ಆಂಪು ಸುಟ್ಟು ಕರಕಲು. ಒಂದೊಂದರಲ್ಲಿ ಬಾಲಕ್ಕೆ ಬಾಲ ಕಟ್ಟಿ ಆಮೇಲೆ ಸೇರಿಸಿದ್ರೆ ನಾಕು, ಆಂಪು ಅರೆನಿದ್ದೆ. ಎರಡು ಎಲ್ಲಿಂದ ತರ್ತೀಯ? ನಿನ್ನ ಡಿಗ್ರಿ ಸರ್ಟಿಫಿಕೇಟನ್ನ ಮಧ್ಯ ತುರುಕ್ತೀಯಾ?”

ಈ ಲೆಕ್ಕ ಗೊತ್ತಿಲ್ಲದವರಿಗೆ ನಾನು ಹೀಗೆ ಹೇಳುತ್ತೇನೆ: ಆಂಪ್ಲಿಫೈಯರ್ ಎಂದರೆ ಬಾಗಿಲು ತಳ್ಳುವವನು, ಸ್ಪೀಕರು ಬಾಗಿಲು, ಓಮ್ಸು ಅದರ ಬಿಗಿ. ಬಿಗಿ ಹೆಚ್ಚಾದರೆ ತಳ್ಳುವವನ ಬಲ ಸಾಲದು. ಬಿಗಿ ತೀರಾ ಕಡಿಮೆಯಾದರೆ ಅವನು ಮುಗ್ಗರಿಸಿ ಒಳಗೆ ಬಿದ್ದು ಹಲ್ಲು ಮುರಿದುಕೊಳ್ಳುತ್ತಾನೆ. ಭಾವ ಅಷ್ಟು ಹೊತ್ತು ಹೇಳಿದ್ದು ಇಷ್ಟೇ. ಕೊನೆಗೆ ಅವರೇ ಗೋದಾಮಿಗೆ ಹೋಗಿ ಎರಡೆರಡು ಓಮ್ಸಿನ ಕಾಯಿಲ್ ಇರುವ ಜೋಡಿಯನ್ನು ತಂದರು. ಒಂದೊಂದರ ಕಾಯಿಲ್‌ಗಳನ್ನು ಸಾಲಾಗಿ ಕಟ್ಟಿದರೆ ನಾಲ್ಕು. ಅಂಥ ಎರಡನ್ನು ಅಕ್ಕಪಕ್ಕ ಸೇರಿಸಿದರೆ ಸರಿಯಾಗಿ ಎರಡು. ತಪ್ಪು ನನ್ನದೇ. ಆದರೆ ತಪ್ಪನ್ನು ಕಿವಿಯಲ್ಲಿ ಹೇಳಬಹುದಿತ್ತು. ಡಾಕ್ಟರು ಈ ಸಲ ನಕ್ಕದ್ದು ನನ್ನ ಜೋಕಿಗಲ್ಲ.

ವೈರಿನ ಕೆಲಸದಲ್ಲಿ ವೈರ ಬೆರೆಸಬಾರದು. ನಾನು ಬೆರೆಸಿದೆ.

ಮಧ್ಯಾಹ್ನದ ಹೊತ್ತಿಗೆ ಭಾವ ಎರಡೂ ಸ್ಪೀಕರುಗಳನ್ನು, ಒಳಗೆ ಅಡ್ಡಗೋಡೆಯಿಲ್ಲದ ಒಂದೇ ಮರದ ಪೆಟ್ಟಿಗೆಯಲ್ಲಿ ಬಿಗಿದು ಡಿಕ್ಕಿಯಲ್ಲಿಟ್ಟಿದ್ದರು. ಪೆಟ್ಟಿಗೆಯ ಹಿಂದೆ ಎಡದ್ದಕ್ಕೊಂದು, ಬಲದ್ದಕ್ಕೊಂದು ವೈರು ಸಿಕ್ಕಿಸುವ ಬಾಯಿ. ಒಂದೊಂದರಲ್ಲೂ ಕೆಂಪು ತೂತು, ಕಪ್ಪು ತೂತು. ಮೀಟರು ಹಿಡಿದು ನೋಡಿದರು. ಆಮೇಲೆ ಅವರ ಮಾಮೂಲಿ ಪರೀಕ್ಷೆ: ಒಂದು ಸಣ್ಣ ಸೆಲ್ಲನ್ನು ವೈರಿನ ತುದಿಗೆ ತಾಗಿಸುವುದು. ಪ್ಲಸ್ಸು ಪ್ಲಸ್ಸಿಗೇ ಇದ್ದರೆ ಸ್ಪೀಕರಿನ ಕಾಗದದ ಹೊಟ್ಟೆ ಟಪ್ಪೆಂದು ಮುಂದಕ್ಕೆ ಉಬ್ಬುತ್ತದೆ. ಎರಡೂ ಒಟ್ಟಿಗೆ ಉಬ್ಬಿದವು. ಭಾವ ತೃಪ್ತರಾಗಿ ಊಟದ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋದರು.

ಟೇಪುವನ್ನು ಕಾವಲಿಗೆ ನಿಲ್ಲಿಸಿ ನಾನು ಡಿಕ್ಕಿಯೊಳಗೆ ತಲೆ ಹಾಕಿದೆ. ಬಲಗಡೆಯ ಬಾಯಲ್ಲಿ ಕೆಂಪು ವೈರನ್ನು ಕಪ್ಪು ತೂತಿಗೆ, ಕಪ್ಪನ್ನು ಕೆಂಪಿಗೆ ತುರುಕಿ, ಮೇಲೆ ಕಾರ್ಪೆಟ್ಟು ಎಳೆದೆ. ಅಷ್ಟೇ. ಓಮ್ಸು ಬದಲಾಗುವುದಿಲ್ಲ, ಆಂಪು ಸುಡುವುದಿಲ್ಲ. ಆದರೆ ಒಂದು ಸ್ಪೀಕರು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ. ಇದು ಊದಿದ್ದನ್ನು ಅದು ಹೀರಿಬಿಡುತ್ತದೆ. ಎರಡೂ ಜೀವ ಹೋಗುವ ಹಾಗೆ ಕುಣಿಯುತ್ತವೆ, ಬಾಸು ಮಾತ್ರ ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ಪೆಟ್ಟಿಗೆಯೊಳಗಿನ ಗಾಳಿ ಎದುರು ಒತ್ತದೇ ಇರುವುದರಿಂದ ಎಂದಿಗಿಂತ ಹೆಚ್ಚೇ ಕುಣಿಯುತ್ತವೆ. ಕಿವಿಯಿರುವವನು ಯಾರೇ ಆಗಲಿ ಒಂದು ಉಸಿರಿನಲ್ಲಿ ಹಿಡಿಯುವ ತಪ್ಪು ಅದು. ಭಾವ ಹಿಡಿಯುತ್ತಾರೆ, ಯಾವನಯ್ಯ ಇದನ್ನ ಮುಟ್ಟಿದೋನು ಎನ್ನುತ್ತಾರೆ, ನಾನು ಹಲಗೆಯ ಮರೆಯಿಂದ ಅವರದೇ ದನಿಯಲ್ಲಿ ‘ಕಣ್ಣಿಲ್ವಾ?’ ಎನ್ನುತ್ತೇನೆ. ನನ್ನ ಯೋಜನೆ ಅಲ್ಲಿಗೆ ಮುಗಿದಿತ್ತು. ಡಾಕ್ಟರು ಬರುವುದು ಐದು ಗಂಟೆಗೆ. ಅಷ್ಟರಲ್ಲಿ ನಕ್ಕು, ಮೊಟಕಿಸಿಕೊಂಡು, ಸರಿಮಾಡಿ ಆಗಿರುತ್ತಿತ್ತು.

ಡಾಕ್ಟರು ಎರಡೂವರೆಗೇ ಬಂದರು. ಮಧ್ಯಾಹ್ನದ ರೋಗಿ ಹೆದರಿ ಬರಲಿಲ್ಲವಂತೆ. ಅವರ ಜೊತೆ ಮಾತಾಡುತ್ತಾ ಯಜಮಾನರೂ ಶೆಡ್ಡಿಗೆ ಬಂದರು. ನಾನು ಹಿಂದೆ ಬಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡಿಕ್ಕಿ ನನ್ನಿಂದ ನಾಲ್ಕು ಹೆಜ್ಜೆ ದೂರವಿತ್ತು. ಒಂದು ನಿಮಿಷ ತಡೀರಿ, ಕಾರ್ಪೆಟ್ಟು ಸರಿಮಾಡ್ತೀನಿ ಅಂದಿದ್ದರೆ ಮುಗಿಯುತ್ತಿತ್ತು. ಮೂರನೆಯ ಕಾರಿನ ಮಾತೂ ನೆನಪಿಗೆ ಬಂತು. ಆದರೆ ಭಾವ ಎಲ್ಲರೆದುರು ಹಿಡಿದುಬಿಟ್ಟರೆ ಅವರಿಗೇ ಮರ್ಯಾದೆ, ಬೈಗುಳ ನನಗೆ ಎಂದು ಲೆಕ್ಕ ಹಾಕಿದೆ. ಅದಕ್ಕಿಂತ, ನೋಡುವವರು ಹೆಚ್ಚಾದರಲ್ಲ ಎಂದು ಖುಷಿಯಾಯಿತು. ಅದು ನಿಜ.

ಭಾವ ಕೊರಳಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು, ವಾಲ್ಯೂಮು ಏರಿಸಿದರು. ಮೊದಲೆಲ್ಲ ಅವರು ಮುಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಈಗೊಂದು ವರ್ಷದಿಂದ ಹೊಸ ಪದ್ಧತಿ: ನೇರ ಡಿಕ್ಕಿಗೆ ಬಂದು, ಸ್ಪೀಕರಿನ ಅಂಚಿಗೆ ಎರಡು ಬೆರಳು ತಾಗಿಸಿ ನಿಲ್ಲುವುದು. ಕಿವಿ ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ ಎಂದು ನಮಗೆ ಪಾಠ ಹೇಳಿದ್ದರು. ಕಸುಬು ಮಾಗಿದವರ ಗತ್ತು ಎಂದು ನಾವು ತಿಳಿದಿದ್ದೆವು. ಯಜಮಾನರು ಗಿರಾಕಿಗಳಿಗೆ ಅದನ್ನೂ ತೋರಿಸುತ್ತಿದ್ದರು.

ಹಾಡು ಶುರುವಾಯಿತು. ಡಬ್ಬಿಯೊಳಗೆ ನಾಲ್ಕು ಕಾಳು ಹಾಕಿ ಅಲ್ಲಾಡಿಸಿದ ಹಾಗೆ, ಚಿಸ್ ಚಿಸ್ ಎಂದು ಮೇಲಿನ ಸದ್ದು ಮಾತ್ರ. ಕೆಳಗೆ ಏನೂ ಇಲ್ಲ, ಖಾಲಿ. ಡಾಕ್ಟರು ಕತ್ತು ಓರೆ ಮಾಡಿದರು. ಟೇಪು ತನ್ನ ಮುಷ್ಟಿ ಕಚ್ಚಿಕೊಂಡ. ಭಾವ ಬಗ್ಗಿ ಬಲಗಡೆಯ ಸ್ಪೀಕರಿಗೆ ಬೆರಳಿಟ್ಟರು. ಅದು ಹುಚ್ಚು ಹಿಡಿದ ಹಾಗೆ ಹಾರುತ್ತಿತ್ತು. ಭಾವ ಕಣ್ಣು ಮುಚ್ಚಿದರು. ಅವರ ಮುಖದಲ್ಲಿ, ಅಪರೂಪಕ್ಕೆ, ಒಂದು ಭಾವ ಬಂತು. ಸಂತೋಷ. ಅವರು ನೆಟ್ಟಗೆ ನಿಂತು ಡಾಕ್ಟರ ಕಡೆ ತಿರುಗಿ, ಎದೆ ಬಿರಿಯುವ ಬಾಸಿನ ನಡುವೆ ಮಾತಾಡುವವರು ಕಿರುಚುತ್ತಾರಲ್ಲ, ಹಾಗೆ ಕಿರುಚಿದರು:

“ಡಾಕ್ಟ್ರೇ, ಎದೆಗೂಡು ನಡುಗ್ತಿಲ್ವಾ? ಇಂಥ ಬಾಸು ಈ ಶೆಡ್ಡಲ್ಲಿ ಯಾವತ್ತೂ ಬಂದಿರಲಿಲ್ಲ. ಹೋಗಲಿ!”

ಆ ದನಿ ತಗಡಿಗೆ ಬಡಿದು ವಾಪಸು ಬಂತು.

ಟೇಪು ಮೊದಲು ನಕ್ಕ, ಹೊಟ್ಟೆ ಹಿಡಿದುಕೊಂಡು. ಅವನಿಂದ ನನಗೆ ಅಂಟಿತು. ಏನೋ ತಮಾಷೆಯಿರಬೇಕೆಂದು ಡಾಕ್ಟರೂ ಮರ್ಯಾದೆಗೆ ನಕ್ಕರು. ಯಜಮಾನರು ನಗಲಿಲ್ಲ. ಅವರು ಸ್ಪೀಕರನ್ನು ನೋಡುತ್ತಿರಲಿಲ್ಲ, ಭಾವನ ಕಿವಿಯನ್ನು ನೋಡುತ್ತಿದ್ದರು. ನಾನು ಅವರ ಕಣ್ಣು ಹೋದ ಕಡೆ ನೋಡಿದೆ, ನಗುವುದನ್ನು ಬಿಟ್ಟೆ. ಹಲಗೆಯ ಮರೆಯ ಕೆಮ್ಮು. ಹೋದ ವರ್ಷದ ದನಿ. ಟಕಟಕ ಅಂದ ಸ್ವಿಚ್ಚು. ಅಕ್ಕ ಇನ್ನೊಂದು ಸೌಟು ಬಡಿಸಿದ್ದು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ.

ತಪ್ಪು ನನ್ನದು ಎಂದು ನಾನು ಯಜಮಾನರಿಗೆ ತೊದಲಿದೆ. ತಮಾಷೆಗೆ ಒಂದು ವೈರು ಉಲ್ಟಾ ಮಾಡಿದ್ದೆ, ಭಾವನಿಗೆ ಎಲ್ಲಾ ಗೊತ್ತು, ನಮ್ಮ ಜೊತೆ ನಾಟಕ ಆಡುತ್ತಿದ್ದಾರೆ ಎಂದೆ. ಅವರು ಮುಂದಿನ ಕಿಟಕಿಯೊಳಗೆ ಕೈ ಚಾಚಿ, ಪೆನ್‌ಡ್ರೈವ್ ಎಳೆದು ಹಾಡು ನಿಲ್ಲಿಸಿದರು.

“ವೈರು ಸರಿ ಮಾಡೋಕೆ ಎರಡು ನಿಮಿಷ ಸಾಕು,” ಎಂದರು ಮೆಲ್ಲಗೆ. “ನಾನು ನೋಡ್ತಿರೋದು ಅದನ್ನಲ್ಲ.”

ಅಷ್ಟು ಹೊತ್ತಿಗೆ ಭಾವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಮುಗಿಸಿದ್ದರು. ತಿರುಗಿ ಕಾರ್ಪೆಟ್ಟು ಎತ್ತಿದರು. ಎಡದ ವೈರಿನ ಮೇಲೆ ಬೆರಳು ಓಡಿಸಿದರು, ಬಲದ್ದರ ಮೇಲೆ ಓಡಿಸಿದರು. ಕಪ್ಪು ತೂತಿನಲ್ಲಿ ಕೆಂಪು ವೈರು. ಬೆರಳು ಅಲ್ಲೇ ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬೈಯಬಹುದಿತ್ತು, ಎದ್ದು ಬಂದು ಕೆನ್ನೆಗೆ ಬಾರಿಸಬಹುದಿತ್ತು. ಅದೇನನ್ನೂ ಮಾಡದೆ, ಲೆಕ್ಕ ಮಾಡುವವರ ಹಾಗೆ ಮತ್ತೊಮ್ಮೆ ವೈರನ್ನು ನೋಡಿ, ಡಿಕ್ಕಿಯ ಅಂಚಿಗೆ ಫಟ್ಟನೆ ಬಡಿದು ನಗತೊಡಗಿದರು.

“ಸಿಕ್ಕಿಬಿದ್ಯಾ! ಮೊದಲೇ ಗೊತ್ತಾಗಿತ್ತು ಕಣೋ ನಂಗೆ. ಎಷ್ಟು ದೂರ ಹೋಗ್ತೀರಾ ನೋಡಣ ಅಂತ ಆಡಿಸ್ತಿದ್ದೆ ನಿಮ್ಮನ್ನ.”

ಡಾಕ್ಟರು ನಂಬಿದರು. ಎಂಥಾ ಕಿಲಾಡಿ ಮೇಸ್ತ್ರಿ ಎಂದು ತೊಡೆ ತಟ್ಟಿದರು. ಟೇಪು ನಂಬಿದ, ಮತ್ತೆ ಹೊಟ್ಟೆ ಹಿಡಿದುಕೊಂಡ. ನಾನೂ ಒಂದು ಗಳಿಗೆ ನಂಬಿದೆ, ಪ್ರಾಣ ಬಂದವನಂತೆ ನಕ್ಕೆ. ಭಾವ ನಮಗೆ ಬೆನ್ನು ಮಾಡಿ, ತಲೆಯನ್ನು ಡಿಕ್ಕಿಯೊಳಗೆ ಹಾಕಿ, ನಗುತ್ತಲೇ ವೈರು ಬಿಚ್ಚಿ ಸರಿಮಾಡತೊಡಗಿದರು. ನಮ್ಮ ನಗು ಸಹಜವಾಗಿ ಇಳಿಯಿತು. ಮೊದಲು ಡಾಕ್ಟರದು, ಆಮೇಲೆ ನನ್ನದು, ಕೊನೆಗೆ ಟೇಪುವಿನದು. ನಾವು ನಿಲ್ಲಿಸಿದ್ದು ಡಿಕ್ಕಿಯೊಳಗಿದ್ದವರಿಗೆ ತಿಳಿಯಲಿಲ್ಲ.

ಯಜಮಾನರು ಎರಡು ಸಲ ಕೆಮ್ಮಿದರು.

“ಮೇಸ್ತ್ರಿ, ಸ್ವಲ್ಪ ಬಾರಯ್ಯ.”

ಟೇಪು ಗಕ್ಕನೆ ನನ್ನ ಕಡೆ ನೋಡಿದ. ನನ್ನ ಬಾಯಿ ಮುಚ್ಚಿತ್ತು. ನಾನು ನೂರಾರು ಸಲ ತೆಗೆದ ದನಿ ಅದು. ಅಸಲಿ ನನ್ನದಕ್ಕಿಂತ ಸಣ್ಣದಿತ್ತು, ದಣಿದಿತ್ತು.

“ಮೇಸ್ತ್ರಿ,” ಎಂದು ಅವರು ಇನ್ನೊಮ್ಮೆ ಕರೆದರು. ಪೆನ್‌ಡ್ರೈವ್ ಆಗಲೇ ಅವರ ಅಂಗೈಯಲ್ಲಿತ್ತು, ಕೆಂಪು ವೈರು ಬೆರಳುಗಳ ಸಂದಿಯಿಂದ ಇಳಿಬಿದ್ದಿತ್ತು. ಸಂಜೆಗೆ ಅದು ನನ್ನ ಕೊರಳಿಗೆ ಬರುವುದಿತ್ತು. ಡಾಕ್ಟರು ತಮ್ಮ ಬೂಟು ನೋಡುತ್ತಾ ನಿಂತರು. ಡಿಕ್ಕಿಯ ಹೊರಗೆ ಭಾವನ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಕುಲುಕುತ್ತಿತ್ತು. ಅವರು ಇನ್ನೂ ನಗುತ್ತಲೇ ಇದ್ದರು, ನಾವೆಲ್ಲರೂ ಸೇರಿ ನಕ್ಕದ್ದಕ್ಕಿಂತ ಜೋರಾಗಿ.